ಅತ್ತೆಯ ಬ್ಲಾಗಿನ ಸೊನ್ನೆಗಳು

ನಾನು ಕೂತು ಕಾಫಿ ಕುಡಿದವಳಲ್ಲ. ಲೋಟ ಹಿಡಿದುಕೊಂಡು ಅಡುಗೆಮನೆಯಿಂದ ನಡುಮನೆಗೆ, ನಡುಮನೆಯಿಂದ ಗೇಟಿನವರೆಗೆ ಓಡಾಡುತ್ತಲೇ ಮುಗಿಸುತ್ತೇನೆ. ಬೀಗ ಹಾಕಿ ರಸ್ತೆಗಿಳಿದ ಮೇಲೆ ವಾಪಸ್ಸು ಹೋಗಿ ಬೀಗ ಎಳೆದು ನೋಡುವುದು, ಗ್ಯಾಸ್ ಆಫ್ ಮಾಡಿದೆನೋ ಇಲ್ಲವೋ ಎಂದು ಬಸ್ಸಿನಿಂದ ಮನೆಗೆ ಫೋನು ಮಾಡುವುದು, ಇವೆಲ್ಲ ನನಗೆ ಹುಟ್ಟಿನಿಂದ ಬಂದ ಆಸ್ತಿ. ನಿಂತಲ್ಲಿ ನಿಲ್ಲಲಾರದವಳು, ಕೂತಲ್ಲಿ ಕೂರಲಾರದವಳು ಎಂದು ನನ್ನ ತಾಯಿ ಮದುವೆಗೆ ಮುಂಚೆಯೇ ಬೀಗರಿಗೆ ಹೇಳಿ ಕೈತೊಳೆದುಕೊಂಡಿದ್ದರು. ನಾನಿರುವುದು ಮೈಸೂರಿನ ಗೋಕುಲಂನಲ್ಲಿ. ಯೋಗ ಕಲಿಯಲೆಂದು ಬಂದು, ಕಂಕುಳಲ್ಲಿ ಚಾಪೆ ಸುತ್ತಿಕೊಂಡು, ಕಾಲವನ್ನೆಲ್ಲ ಸಗಟಿಗೆ ಕೊಂಡುಕೊಂಡವರ ಹಾಗೆ ನಿಧಾನವಾಗಿ ನಡೆಯುವ ಪರದೇಶದವರನ್ನು ನೋಡಿದರೆ ನನಗೆ ದಿನವೂ ಸಿಟ್ಟು ಬರುತ್ತದೆ. ಅವರು ನನಗೇನೂ ಮಾಡಿಲ್ಲ, ಆದರೂ ಬರುತ್ತದೆ.

ಇಂಥವಳ ಕೈಗೆ ಇಂಟರ್ನೆಟ್ಟು ಸಿಕ್ಕಿದ್ದು, ಮೊದಲೇ ಕೋತಿ, ಅದಕ್ಕೆ ಹೆಂಡ ಬೇರೆ ಕುಡಿಸಿದ ಹಾಗಾಯಿತು. ಅಣೆಕಟ್ಟೆಯ ನೀರಿನ ಮಟ್ಟ ಹೇಳುವ ಒಂದು ತಾಣ, ಕೆರೆಗಳಿಗೆ ಬರುವ ಹಕ್ಕಿಗಳ ಬಗ್ಗೆ ಒಬ್ಬರ ಟಿಪ್ಪಣಿ, ಹಳೇ ರೇಡಿಯೋ ರಿಪೇರಿ ಮಾಡುವ ಒಬ್ಬರ ಬ್ಲಾಗು, ನನ್ನ ಕೆಲಸಕ್ಕೆ ಸಂಬಂಧಪಟ್ಟ ನಾಲ್ಕಾರು ತಾಣಗಳು. ಗಂಟೆಗೊಮ್ಮೆ ಎಲ್ಲದರ ಬಾಗಿಲು ತಟ್ಟಿ, ಹೊಸದೇನೂ ಇಲ್ಲವೆಂದು ಗೊತ್ತಾದ ಮೇಲೆ ಮತ್ತೆ ಮೊದಲನೆಯದಕ್ಕೆ ಬರುತ್ತಿದ್ದೆ. ನನ್ನ ಕೆಲಸ ಕಡಕೊಳದಲ್ಲಿ, ಬಣ್ಣ ತಯಾರಿಸುವ ಒಂದು ಕಾರ್ಖಾನೆಯ ಲ್ಯಾಬಿನಲ್ಲಿ. ನನ್ನ ಈ ಪರದಾಟವನ್ನು ನೋಡಿ ನೋಡಿ ಸಾಕಾದ ಪಕ್ಕದ ಮೇಜಿನ ಸಹೋದ್ಯೋಗಿ ಒಂದು ದಿನ, "ನೀವ್ಯಾಕೆ ಮೇಡಮ್ ಅಷ್ಟು ಕಡೆ ಅಲೀತೀರಾ, ಅವೇ ನಿಮ್ಮ ಹತ್ರ ಬರೋ ಹಾಗೆ ಮಾಡ್ಕೊಳ್ಳಿ" ಎಂದು ಫೋನು ಕಿತ್ತುಕೊಂಡು ಫೀಡ್ ರೀಡರ್ ಹಾಕಿಕೊಟ್ಟರು.

ಅದು ಸೊಗಸಾದ ವ್ಯವಸ್ಥೆ. ಇಷ್ಟವಾದ ತಾಣದ ವಿಳಾಸ ಒಮ್ಮೆ ಕೊಟ್ಟರೆ ಸಾಕು, ಅಲ್ಲಿ ಹೊಸದಾಗಿ ಏನು ಬಂದರೂ ಫೀಡು ಅದನ್ನು ಪೂರ್ತಿ ಹೊತ್ತು ತಂದು ಒಂದೇ ಕಡೆ ಪೇರಿಸುತ್ತದೆ. ನಾವು ಅವರ ಮನೆಗೆ ಹೋಗಬೇಕಾಗಿಲ್ಲ. ಹಾಲಿನವನು ಗೇಟಿಗೆ ಪ್ಯಾಕೆಟ್ಟು ಸಿಕ್ಕಿಸಿ ಹೋದ ಹಾಗೆ. ಓದದೇ ಉಳಿದವು ದಪ್ಪಕ್ಷರದಲ್ಲಿ ಕಾಣುತ್ತವೆ, ಓದಿದವು ತೆಳ್ಳಗಾಗುತ್ತವೆ. ಇನ್ನು ನೆಮ್ಮದಿ ಎಂದುಕೊಂಡೆ.

ನೆಮ್ಮದಿ ಎಲ್ಲಿಂದ ಬರಬೇಕು? ತಾಣಗಳು ಮನೆಬಾಗಿಲಿಗೇ ಬರುತ್ತವೆ ಅಂದ ಮೇಲೆ ಹತ್ತಿದ್ದದ್ದು ಅರವತ್ತಾಯಿತು, ಅರವತ್ತು ನೂರು ದಾಟಿತು. ಬೆಳಿಗ್ಗೆ ಕಂಪನಿ ಬಸ್ಸು ಹತ್ತಿದ ಕೂಡಲೇ ಓದದೇ ಉಳಿದವುಗಳ ಸಂಖ್ಯೆ ಕಣ್ಣಿಗೆ ಚುಚ್ಚುತ್ತಿತ್ತು. ಅದನ್ನು ಇಳಿಸದೆ ನನಗೆ ಉಸಿರಾಡಲು ಆಗುತ್ತಿರಲಿಲ್ಲ. ಆ ಆ್ಯಪಿನಲ್ಲಿ ಒಂದು ಸೌಕರ್ಯವಿತ್ತು: ಹೆಬ್ಬೆರಳಿನಿಂದ ಮೇಲಕ್ಕೆ ತಳ್ಳುತ್ತ ಹೋದರೆ, ದಾಟಿಹೋದದ್ದೆಲ್ಲ ತಾನಾಗಿ 'ಓದಿದೆ' ಎಂದು ಗುರುತಾಗುತ್ತಿತ್ತು. ನಾನು ತಳ್ಳುತ್ತಿದ್ದೆ. ತಲೆಬರಹ, ಮೊದಲ ಸಾಲು, ಮುಂದೆ. ಬಸ್ಸು ಕಡಕೊಳಕ್ಕೆ ತಿರುಗುವ ಹೊತ್ತಿಗೆ ಎಲ್ಲವೂ ತೆಳ್ಳಗಾಗಿರುತ್ತಿದ್ದವು, ನಾನೂ ಏನನ್ನೋ ಸಾಧಿಸಿದವಳ ಹಾಗೆ ಬ್ಯಾಗು ಹೆಗಲಿಗೇರಿಸಿ ಇಳಿಯುತ್ತಿದ್ದೆ.

ಆ ನೂರು ಚಿಲ್ಲರೆ ಫೀಡುಗಳಲ್ಲಿ ಒಂದು ನನ್ನ ಅತ್ತೆಯದು.

ಅತ್ತೆ ಇಲವಾಲದಾಚೆಯ ಒಂದು ಹಳ್ಳಿಯ ಬೇಸಾಯದ ಮನೆಯವರು. ಸುತ್ತಲ ಊರುಗಳ ಪ್ರೈಮರಿ ಶಾಲೆಗಳಲ್ಲಿ ಮೇಡಮ್ ಆಗಿದ್ದು ನಿವೃತ್ತರಾದವರು. ಮಾವ ಈಗಿಲ್ಲ. ನನ್ನ ಗಂಡನಿಗೆ ಬೇರೆ ಊರಿನಲ್ಲಿ ಕೆಲಸ, ಶನಿವಾರ ಬಂದು ಸೋಮವಾರ ಬೆಳಿಗ್ಗೆ ಹೋಗುತ್ತಾರೆ. ವಾರವೆಲ್ಲ ಮನೆಯಲ್ಲಿ ನಾವಿಬ್ಬರೇ ಹೆಂಗಸರು. ಅತ್ತೆಗೆ ಹೇಳಲು ಬೇಕಾದಷ್ಟಿತ್ತು. ಹಗೇವಿನಲ್ಲಿ ರಾಗಿ ತುಂಬಿಡುತ್ತಿದ್ದ ಬಗೆ, ಆ ನೆಲದೊಳಗಿನ ಕಣಜಕ್ಕೆ ಮೊದಲು ದೀಪ ಇಳಿಬಿಟ್ಟು, ಅದು ಆರದಿದ್ದರೆ ಮಾತ್ರ ಮನುಷ್ಯ ಇಳಿಯುತ್ತಿದ್ದದ್ದು, ಇಂಥವು. ಸರಿಯಾಗಿ ನಾನು ಡಬ್ಬಿ ಕಟ್ಟುವ ಹೊತ್ತಿಗೆ ಅಡುಗೆಮನೆ ಬಾಗಿಲಿಗೆ ಒರಗಿಕೊಂಡು ಶುರುಮಾಡುತ್ತಿದ್ದರು. ನಾನು "ಒಂದ್ನಿಮಿಷ ಅತ್ತೆ" ಎನ್ನುತ್ತಿದ್ದೆ. ಆ ಒಂದು ನಿಮಿಷ ಯಾವತ್ತೂ ಮುಗಿಯುತ್ತಿರಲಿಲ್ಲ.

ನಿಜ ಹೇಳಿಬಿಡುತ್ತೇನೆ. ಅವರಿಗೆ ಬ್ಲಾಗು ಮಾಡಿಕೊಟ್ಟಿದ್ದು ಅವರ ಪ್ರತಿಭೆಯನ್ನು ಲೋಕಕ್ಕೆ ತೋರಿಸಲಿಕ್ಕಲ್ಲ, ಅಡುಗೆಮನೆ ಬಾಗಿಲು ಖಾಲಿಯಾಗಲಿ ಅಂತ. "ಇದನ್ನೆಲ್ಲ ಬರೀರಿ ಅತ್ತೆ, ನಾನು ಆರಾಮಾಗಿ ಓದ್ತೀನಿ" ಎಂದು ಒಂದು ಟ್ಯಾಬ್ ಕೈಗಿತ್ತೆ. ಮೇಡಮ್ ಆಗಿದ್ದವರಲ್ಲವೇ, ಎರಡೇ ವಾರದಲ್ಲಿ ಕನ್ನಡ ಟೈಪು ಕಲಿತರು. ವಾರಕ್ಕೊಂದು ಬರಹ ಶುರುವಾಯಿತು. ಬೇರೆ ಎಲ್ಲದರ ಜೊತೆಗೆ ಅವೂ ನನ್ನ ಫೀಡಿಗೆ ಬಂದು ಬೀಳುತ್ತಿದ್ದವು. ಅಡುಗೆಮನೆ ಬಾಗಿಲೂ ಖಾಲಿಯಾಯಿತು.

ಒಂದೂವರೆ ವರ್ಷ ಹೀಗೇ ನಡೆಯಿತು. ಈ ಸಲ ದೀಪಾವಳಿ ಕಳೆದ ಮೇಲೆ ಒಂದು ಸಂಜೆ ಅತ್ತೆ ಟ್ಯಾಬನ್ನು ತಂದು ನನ್ನ ಮುಂದಿಟ್ಟರು. ಬ್ಲಾಗಿನ ಒಳಪುಟದಲ್ಲಿ ಪ್ರತಿ ಬರಹದ ಪಕ್ಕ, ಅದನ್ನು ಎಷ್ಟು ಜನ ತೆರೆದು ನೋಡಿದರು ಎನ್ನುವ ಲೆಕ್ಕ ಇರುತ್ತದೆ. ಅಲ್ಲಿ ಮೇಲಿನಿಂದ ಕೆಳಗಿನವರೆಗೆ ಸೊನ್ನೆ. ಒಂದೆರಡು ಕಡೆ ಒಂದು, ಮಿಕ್ಕಂತೆ ಸೊನ್ನೆ.

"ಇದನ್ನ ಮುಚ್ಚಾಕ್ಬುಡು ಕಣಮ್ಮ" ಎಂದರು. "ಮಕ್ಕಳೇ ಬರ್ದೆ ಇರೋ ಸ್ಕೂಲ್ಗೆ ಮೇಡಮ್ ಯಾಕೆ?"

"ನಾನು ಓದ್ತಿದ್ದೀನಲ್ಲ ಅತ್ತೆ!"

"ಓದಿದ್ರೆ ಇಲ್ಲಿ ಬೀಳ್ಬೇಕಲ್ಲ. ಹಾಜರಿ ಪುಸ್ತಕ ಸುಳ್ಳು ಹೇಳ್ತದಾ?"

ನಾನು ಫೀಡಿನ ವಿಷಯ ಹೇಳಲು ಹೊರಟೆ. ಬರಹ ನನ್ನ ಹತ್ತಿರವೇ ಬಂದುಬಿಡುತ್ತದೆ, ನಾನು ಅಲ್ಲಿಗೆ ಹೋಗುವುದೇ ಇಲ್ಲ, ಅದಕ್ಕೇ ಲೆಕ್ಕಕ್ಕೆ ಸಿಗುವುದಿಲ್ಲ ಎಂದೆ. ಅತ್ತೆ ತಲೆಯಾಡಿಸಿದರು. ಆಸ್ಪತ್ರೆಯಲ್ಲಿ ರೋಗಿಗೆ 'ನಾಳೆಗೆ ಎದ್ದು ಓಡಾಡ್ತೀರಿ' ಎಂದಾಗ ರೋಗಿ ತಲೆಯಾಡಿಸುತ್ತಾರಲ್ಲ, ಹಾಗೆ. "ಸಮಾಧಾನಕ್ಕೆ ಹೇಳ್ತೀಯ, ಹೇಳು" ಎಂದು ಟ್ಯಾಬ್ ಎತ್ತಿಕೊಂಡು ಒಳಗೆ ಹೋದರು. ಇನ್ನೈದು ನಿಮಿಷ ಕೂತು ಫೋನು ತೋರಿಸಿ ವಿವರಿಸಿದ್ದರೆ ಆಗುತ್ತಿತ್ತು. ನನಗೆ ಆ ಐದು ನಿಮಿಷ ಹಿಂಸೆ. ಅವರು ಬರೆಯುವುದನ್ನು ನಿಲ್ಲಿಸಿದರೆ ಮತ್ತೆ ಮೊದಲಿನ ಹಾಗೆ ನನ್ನ ಬೆನ್ನ ಹಿಂದೆ ಬಂದು ನಿಲ್ಲುತ್ತಾರೆ ಎನ್ನುವ ದಿಗಿಲು ಬೇರೆ. ಅದರ ಜೊತೆಗೆ, ಈ ವಯಸ್ಸಿನಲ್ಲಿ ಒಬ್ಬರೇ ಕೂತು ಅಕ್ಷರ ಒತ್ತಿ ಒತ್ತಿ ಬರೆದದ್ದರ ಪಕ್ಕ ಸೊನ್ನೆ ನೋಡಿದಾಗ ಮರುಕವಾದದ್ದೂ ನಿಜ. ಹೇಗಾದರೂ ಮಾಡಿ ಆ ಸೊನ್ನೆಗಳನ್ನು ಅಳಿಸಬೇಕೆನ್ನಿಸಿತು.

ಮರುದಿನ ಲ್ಯಾಬಿನಲ್ಲಿ ಅದೇ ಕೆಲಸ. ಒಂದು ಕಂಪ್ಯೂಟರಿನಲ್ಲಿ ಅತ್ತೆಯ ಬ್ಲಾಗು ತೆರೆದೆ, ಮೊದಲನೆಯ ಬರಹದಿಂದ ಕೊನೆಯದರವರೆಗೆ ಒಂದೊಂದನ್ನೂ ಒತ್ತಿದೆ, ಮುಚ್ಚಿದೆ. ಆಮೇಲೆ ಪಕ್ಕದ ಕಂಪ್ಯೂಟರು. ಆಮೇಲೆ ಸಹೋದ್ಯೋಗಿಗಳ ಫೋನುಗಳು.

"ಏನ್ ಮೇಡಮ್, ಎಲೆಕ್ಷನ್ನಾ?" ಎಂದು ಫೀಡ್ ರೀಡರ್ ಹಾಕಿಕೊಟ್ಟವರೇ ಕೇಳಿದರು.

"ಅತ್ತೆಗೆ ಓದುಗರನ್ನ ಕೊಡಿಸ್ತಿದ್ದೀನಿ, ಸುಮ್ನೆ ಒತ್ತಿ" ಎಂದೆ.

ಎಲ್ಲರೂ ನಗುತ್ತ ಒತ್ತಿದರು. ಮಧ್ಯಾಹ್ನದ ಊಟದ ಹೊತ್ತಿಗೆ ಪ್ರತಿ ಬರಹಕ್ಕೂ ಹನ್ನೊಂದು ಜನ ಓದುಗರು ಹುಟ್ಟಿದ್ದರು. ಆ ದಿನ ಎಷ್ಟು ಸಲ ಯಾವ ಯಾವ ಪುಟ ತೆರೆದೆನೋ, ಒಂದರಲ್ಲೂ ಎರಡನೇ ಸಾಲಿಗೆ ಹೋಗಲಿಲ್ಲ. ಎಲ್ಲ ಮೊದಲೇ ಓದಿದ್ದೇನಲ್ಲ ಎಂದು ನನ್ನ ನಂಬಿಕೆ.

ಸಂಜೆ ಬಸ್ಸು ಇಳಿದು ಬರುವಾಗ ಅತ್ತೆ ಗೇಟಿನ ಹತ್ತಿರ ನಿಂತಿದ್ದರು. ಬೇರೆ ಸೀರೆ ಉಟ್ಟು, ಹೆರಳು ಹಾಕಿಕೊಂಡು, ಎಲ್ಲಿಗೋ ಹೊರಟವರ ಹಾಗೆ ಕಂಡರು. "ಬಂದ್ಯಾ?" ಎಂದರು. "ಹನ್ನೊಂದು ಜನ ನೋಡವ್ರೆ ಕಣಮ್ಮ, ಎಲ್ಲಾನೂ ನೋಡವ್ರೆ" ಎಂದರು. ಮುಖ ಅರಳಿತ್ತು. ನನಗೆ ಒಳಗೊಳಗೇ ಹೆಮ್ಮೆ. "ನಾನು ಹೇಳಲಿಲ್ವಾ" ಎಂದೆ. ಅವರು ಇನ್ನೂ ಏನಕ್ಕೋ ಕಾದವರ ಹಾಗೆ ನನ್ನ ಮುಖ ನೋಡುತ್ತಲೇ ನಿಂತಿದ್ದರು. ಒಲೆಯ ಮೇಲೆ ಏನಾದರೂ ಇಟ್ಟು ಬಂದಿದ್ದಾರೇನೋ ಎಂದು ನನಗೆ ಅನುಮಾನ. "ಒಂದ್ನಿಮಿಷ ಅತ್ತೆ" ಎಂದು ಒಳಗೆ ಹೋದೆ. ಒಲೆ ಆರಿಯೇ ಇತ್ತು.

ಇನ್ನು ಮೇಲೆ ವಾರಕ್ಕೆರಡು ಬರೆಯುತ್ತಾರೆ ಎಂದು ನಾನು ಎಣಿಸಿದ್ದೆ. ಅವರು ಒಂದೂ ಬರೆಯಲಿಲ್ಲ. ಒಂದು ವಾರ, ಎರಡು ವಾರ, ಮೂರು ವಾರ. ಫೀಡಿನಲ್ಲಿ ಎಲ್ಲರದೂ ಬರುತ್ತಿತ್ತು, ಅಣೆಕಟ್ಟೆ, ಹಕ್ಕಿ, ರೇಡಿಯೋ, ಎಲ್ಲ. ಅತ್ತೆಯದು ಮಾತ್ರ ಇಲ್ಲ. ಹಿಂದೆ ಬಂದಾಗ ಹೆಬ್ಬೆರಳಲ್ಲಿ ತಳ್ಳಿದವಳು ಈಗ ಬರದಿದ್ದದ್ದಕ್ಕೆ ಬಸ್ಸಿನಲ್ಲಿ ಚಡಪಡಿಸುತ್ತಿದ್ದೆ. ಮನೆಯಲ್ಲೂ ಮಾತು ಕಡಿಮೆಯಾಗಿತ್ತು. ಅಡುಗೆಮನೆ ಬಾಗಿಲಿಗೂ ಬರಲಿಲ್ಲ. ಊಟ ಮಾಡುವರು, ತಮ್ಮ ತಟ್ಟೆ ತಾವೇ ತೊಳೆಯುವರು, ರೂಮಿಗೆ ಹೋಗುವರು. ನನಗೆ ರೇಗತೊಡಗಿತು. ಓದುಗರಿಲ್ಲ ಅಂದರು, ಹನ್ನೊಂದು ಜನರನ್ನು ಹೊಂದಿಸಿಕೊಟ್ಟೆ, ಇನ್ನೇನು ಆರತಿ ಎತ್ತಬೇಕಾ?

ಅವರೆಕಾಯಿ ಕಾಲ ಬಂತು. ಒಂದು ಭಾನುವಾರ ಬೆಳಿಗ್ಗೆ ಗಂಡ ಅವರೆಕಾಯಿ ಚೀಲ ತಂದು ಇಳಿಸಿ ಸ್ನೇಹಿತರನ್ನು ನೋಡಲು ಹೋದರು. ಮಧ್ಯಾಹ್ನ ಅತ್ತೆ ನಡುಮನೆಯಲ್ಲಿ ಕೂತು, ಸುಲಿದು ನೆನೆಸಿದ ಕಾಳನ್ನು ಬೆರಳಲ್ಲಿ ಹಿತುಕುತ್ತಿದ್ದರು. ನಾನು ಫೋನು ಹಿಡಿದು ಅತ್ತಿಂದಿತ್ತ ತಿರುಗುತ್ತಿದ್ದೆ. ಅತ್ತೆ ತಲೆಯೆತ್ತದೆ ಹೇಳಿದರು, "ಆ ಬ್ಲಾಗು ಮುಚ್ಚಾಕು ಅಂದಿದ್ದೆ. ಇನ್ನೂ ಇದ್ಯಲ್ಲ."

ಅಷ್ಟಕ್ಕೇ ನನ್ನ ತಾಳ್ಮೆ ಹರಿಯಿತು. "ಯಾಕೆ ಮುಚ್ಬೇಕು? ಹನ್ನೊಂದು ಜನ ಸಾಲ್ದಾ ನಿಮಗೆ? ಅದನ್ನ ತರೋಕೆ ನಾನೆಷ್ಟು ಒದ್ದಾಡಿದೀನಿ ಗೊತ್ತಾ?" ಎಂದೆ. ಬಾಯಿಂದ ಬಂದ ಮೇಲೆ ಏನು ಹೇಳಿದೆನೆಂದು ಗೊತ್ತಾಯಿತು.

ಅತ್ತೆಯ ಬೆರಳು ನಿಂತಿತು. "ನೀನು ತಂದ್ಯಾ?"

ಮುಚ್ಚಿಟ್ಟು ಪ್ರಯೋಜನವಿರಲಿಲ್ಲ. ಲ್ಯಾಬಿನ ಕಂಪ್ಯೂಟರು, ಸಹೋದ್ಯೋಗಿಗಳ ಫೋನು, ಎಲ್ಲ ಹೇಳಿದೆ. ಅವರು ಕೇಳಿಸಿಕೊಂಡರು. "ಸಾಹೇಬ್ರು ತಪಾಸಣೆಗೆ ಬತ್ತಾರೆ ಅಂದ್ರೆ, ಬರ್ದೆ ಇರೋ ಮಕ್ಕಳಿಗೆಲ್ಲ ಹಾಜರಿ ಹಾಕೋರಿದ್ರು ನಮ್ಮ ಕಡೆ. ನಾನು ಒಂದಿನಾನೂ ಹಾಕ್ಲಿಲ್ಲ" ಎಂದರು. ಸಿಟ್ಟಿನಿಂದ ಹೇಳಿದ್ದಲ್ಲ, ಅದೇ ನನ್ನನ್ನು ಇನ್ನಷ್ಟು ಕೆಣಕಿತು.

"ಅವರು ಓದದಿದ್ರೆ ಬಿಡಿ ಅತ್ತೆ, ನಾನು ಓದಿದೀನಿ. ಮೊದಲನೇದರಿಂದ ಎಲ್ಲಾನೂ. ಒಂದೂ ಬಿಟ್ಟಿಲ್ಲ. ಬೇಕಾದ್ರೆ ನೋಡಿ" ಎಂದು ಫೀಡ್ ರೀಡರಿನಲ್ಲಿ ಅವರ ಬ್ಲಾಗು ತೆಗೆದು ಮುಖದ ಮುಂದೆ ಹಿಡಿದೆ. ಸಾಲು ಸಾಲು ತೆಳ್ಳನೆಯ ತಲೆಬರಹಗಳು. "ದಪ್ಪಕ್ಷರ ಒಂದಾದ್ರೂ ಇದ್ಯಾ? ಎಲ್ಲ ಓದಿರೋದು."

ಅತ್ತೆ ಫೋನು ನೋಡಲಿಲ್ಲ, ನನ್ನನ್ನೇ ನೋಡಿದರು. "ಎಲ್ಲಾನೂ ಓದಿದ್ಯಾ?"

"ಎಲ್ಲಾನೂ."

"ಯುಗಾದಿ ಆದ್ಮೇಲೆ ಬರೆದದ್ದು?"

"ಅದೂ ಓದಿದೀನಿ" ಎಂದೆ. ಅದು ಯಾವುದೆಂದು ನನಗೆ ನೆನಪೇ ಇರಲಿಲ್ಲ.

"ಓದ್ಬುಟ್ಟೂ ಸುಮ್ಕಿದ್ಯಾ?"

ಅವರ ದನಿ ಒಡೆದಿತ್ತು. ಅಲ್ಲಿ ಏನೋ ಇದೆ, ಅದು ನನಗೆ ಗೊತ್ತಿಲ್ಲ. ಓದಿಲ್ಲ ಎಂದರೆ ಈಗ ತಾನೇ ಮುಖಕ್ಕೆ ಮುಖ ಕೊಟ್ಟು ಹೇಳಿದ್ದು ಸುಳ್ಳು. ಓದಿದ್ದೇನೆ ಎಂದರೆ ಅದಕ್ಕಿಂತ ದೊಡ್ಡ ತಪ್ಪು ಯಾವುದನ್ನೋ ಒಪ್ಪಿಕೊಂಡ ಹಾಗೆ. ಫೋನಿನ ಮೇಲೆ ಬೆರಳಾಡಿಸಿ ಏಪ್ರಿಲ್ ತಿಂಗಳಿಗೆ ಹೋದೆ. ಬೆರಳು ಎರಡು ಸಲ ದಾಟಿಹೋಯಿತು. ಸಿಕ್ಕಿತು. 'ಒಂದು ಸಣ್ಣ ವಿಷಯ' ಎಂದು ತಲೆಬರಹ. ನಿಂತುಕೊಂಡೇ ಓದಿದೆ.

"ಬೆಳಿಗ್ಗೆ ಮುಖ ತೊಳೆಯುವಾಗ ಬಲಗಣ್ಣಿಗೆ ಸೋಪು ಹೋಯಿತು. ಅದನ್ನು ಮುಚ್ಚಿಕೊಂಡು ಕನ್ನಡಿ ನೋಡಿದೆ. ಎಡಗಣ್ಣಿಗೆ ಕನ್ನಡಿಯ ಕಟ್ಟು ಕಾಣಿಸಿತು, ಪಕ್ಕದಲ್ಲಿದ್ದ ಟವೆಲ್ಲು ಕಾಣಿಸಿತು, ನಡುವೆ ನನ್ನ ಮುಖ ಮಾತ್ರ ಇರಲಿಲ್ಲ. ಎಷ್ಟು ದಿನದಿಂದ ಹೀಗಿದೆಯೋ ತಿಳಿಯದು. ಮಗನಿಗೆ ಹೇಳಿದರೆ ಗಾಬರಿಯಾಗಿ ಕೆಲಸ ಬಿಟ್ಟು ಓಡಿಬರುತ್ತಾನೆ. ಸೊಸೆಗೆ ಎರಡು ಸಲ ಹೇಳಲು ಹೋದೆ, ಪಾಪ, ಬೆಳಗಿನ ಹೊತ್ತು ಅವಳಿಗೆ ಪುರುಸೊತ್ತಿರುವುದಿಲ್ಲ. ಇಲ್ಲಿ ಬರೆದರೆ ಅವಳು ಆರಾಮಾಗಿ ಓದುತ್ತಾಳೆ. ಓದಿದಾಗ ಕೇಳುತ್ತಾಳೆ."

ಅಷ್ಟೇ ಇದ್ದದ್ದು. ಬಸ್ಸಿನಲ್ಲಿ ಒಂದು ತಳ್ಳಿಗೆ ಸಾಕಾಗುವಷ್ಟು. ಅದರ ತಲೆಬರಹವೂ ತೆಳ್ಳಗಿತ್ತು.

ಆಗ ನನಗೆ ತಿಳಿಯಿತು. ಅತ್ತೆ ಪ್ರತಿದಿನ ಆ ಲೆಕ್ಕದ ಪುಟ ತೆರೆದು ನೋಡುತ್ತಿದ್ದದ್ದು ಲೋಕದ ಓದುಗರಿಗಾಗಿ ಅಲ್ಲ. ಈ ಒಂದು ಬರಹದ ಪಕ್ಕದ ಸೊನ್ನೆ ಯಾವಾಗ ಒಂದಾಗುತ್ತದೆ ಎಂದು ಕಾಯುತ್ತಿದ್ದರು. ಏಳು ತಿಂಗಳು ಕಾದು ಆಗದೇ ಹೋದಾಗ ಮುಚ್ಚಿಬಿಡು ಎಂದರು. ನಾನು ಏನು ಮಾಡಿದೆ? ಅದನ್ನು ಹನ್ನೊಂದು ಮಾಡಿದೆ.

"ಹನ್ನೊಂದು ಅಂತ ಬಿತ್ತಲ್ಲ, ಅವತ್ತು ಸಂತೋಷ ಆಯ್ತು ಕಣಮ್ಮ" ಎಂದರು ಅತ್ತೆ. ಮತ್ತೆ ಕಾಳು ಹಿತುಕತೊಡಗಿದ್ದರು. "ಅದ್ರಲ್ಲಿ ನೀನೊಬ್ಳು ಇದ್ದೇ ಇರ್ತೀಯ ಅಂದ್ಕೊಂಡೆ. ಬಂದ ತಕ್ಷಣ ಡಾಕ್ಟ್ರ ಹತ್ರ ಹೊರಡಿ ಅಂತೀಯ ಅಂತ ಸೀರೆನೂ ಉಟ್ಕೊಂಡು ಗೇಟತ್ರ ನಿಂತಿದ್ದೆ. ನೀನು ಒಳಗೆ ಹೊಂಟೋದೆ. ಓದಿನೂ ಕೇಳ್ಲಿಲ್ವಲ್ಲ, ನಿಂಗೆ ಬೇಡ ಅನ್ನಿಸ್ತೇನೋ ಅಂದ್ಕೊಂಡು ಸುಮ್ಕಾದೆ."

"ನಾನು ಓದಿಲ್ಲ ಅತ್ತೆ" ಎಂದೆ. "ಒಂದೂ ಓದಿಲ್ಲ. ಬರೀ ತಳ್ಳಿದೀನಿ."

ಇದಕ್ಕಿಂತ ನಾಚಿಕೆಗೇಡಿನ ಮಾತನ್ನು ನಾನು ಜೀವಮಾನದಲ್ಲಿ ಆಡಿಲ್ಲ. ಆದರೆ ಅದನ್ನು ಕೇಳಿ ಅತ್ತೆಯ ಮುಖ ಸ್ವಲ್ಪ ಸಡಿಲವಾದದ್ದನ್ನು ನೋಡಿದೆ. "ಅಂಗಾದ್ರೆ ಸರಿ" ಎಂದರು. ಓದಿ ಸುಮ್ಮನಿದ್ದವಳಿಗಿಂತ ಓದದ ಸೊಸೆಯೇ ವಾಸಿ ಎಂದು ಅವರು ಲೆಕ್ಕ ಹಾಕಿದ್ದರು. ನನಗೆ ಅಳು ಬಂದುಬಿಟ್ಟಿತು. ಅಳುತ್ತಲೇ ಅವರ ಎದುರು ಕೂತು ಬಟ್ಟಲಿಗೆ ಕೈಹಾಕಿದೆ. ನಾನು ಹಿತುಕಿದ ಕಾಳುಗಳು ಅಲ್ಲಿಲ್ಲಿ ಹಾರಿಬಿದ್ದವು.

ಮರುದಿನ ರಜೆ ಹಾಕಿ ಕಣ್ಣಿನ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಡಾಕ್ಟರು ಹನಿ ಹಾಕಿ, ದೀಪ ಬಿಟ್ಟು, ಬಹಳ ಹೊತ್ತು ನೋಡಿದರು. ಎಡಗಣ್ಣಿನ ಹಿಂದಿನ ಪರದೆ ನಡುವಿನಲ್ಲಿ ಹಾಳಾಗಿದೆ, ಹೋದದ್ದು ಇನ್ನು ಬರುವುದಿಲ್ಲ, ಬಲಗಣ್ಣಿಗೆ ಇನ್ನೂ ಬಂದಿಲ್ಲ, ಅದನ್ನು ಆಗಾಗ್ಗೆ ನೋಡಿಸುತ್ತ ಕಾಪಾಡಿಕೊಳ್ಳಬೇಕು ಎಂದರು. "ಶುರುವಿನಲ್ಲೇ ತಿಳಿದಿದ್ರೆ ಇಂಜೆಕ್ಷನ್ ಕೊಟ್ಟು ತಡೀಬಹುದಿತ್ತು" ಎಂದು ನನ್ನ ಕಡೆ ತಿರುಗಿ, "ಮನೇಲಿ ಯಾರಿಗೂ ಹೇಳಿರಲಿಲ್ವಾ ಇವರು?" ಎಂದು ಕೇಳಿದರು.

"ಹೇಳಿದ್ರು" ಎಂದೆ.

ಡಾಕ್ಟರು ಅತ್ತೆಯ ಬಲಗಣ್ಣನ್ನು ಒಂದು ಕಪ್ಪು ಬಿಲ್ಲೆಯಿಂದ ಮುಚ್ಚಿ, ನನ್ನ ಕಡೆ ತಿರುಗಿಸಿ ಕೂರಿಸಿದರು. "ಅಮ್ಮ, ಎದುರಿಗೆ ಕೂತಿರೋರು ಯಾರು?"

"ಸೊಸೆ."

"ಮುಖ ಕಾಣ್ತಿದ್ಯಾ?"

ಅತ್ತೆ ಕುತ್ತಿಗೆ ಸ್ವಲ್ಪ ಅತ್ತ, ಸ್ವಲ್ಪ ಇತ್ತ ಮಾಡಿದರು. "ಮುಖ ಕಾಣ್ತಿಲ್ಲ ಡಾಕ್ಟ್ರೇ" ಎಂದರು. "ಕಾಲು ಅಲ್ಲಾಡಿಸ್ತಾ ಅವ್ಳೆ, ಅದು ಕಾಣ್ತದೆ."

ನಾನು ಎರಡೂ ಕೈಯಿಂದ ಮಂಡಿ ಒತ್ತಿ ಹಿಡಿದುಕೊಂಡೆ.